ಕಾಫಿ ಬ್ರ್ಯಾಂಡ್ ಮತ್ತು ಮಾರಾಟ: ಚಿಕ್ಕಮಗಳೂರು ಸೀಮೆ

ಒಂದೇ ಬಗೆಯ ಸರಕನ್ನು ಹಲವರು ಮಾರುವಾಗ ತನ್ನ ಸರಕು ಬೇರೆ ಎಂದು ಗ್ರಾಹಕನಿಗೆ ಮನವರಿಕೆ ಮಾಡಿಕೊಡುವ ಹೆಸರು, ಗುರುತು, ಪೊಟ್ಟಣ, ಜಾಹೀರಾತು ಮತ್ತು ನಂಬಿಕೆಗಳ ಒಟ್ಟು ವ್ಯವಸ್ಥೆಗೆ ಬ್ರ್ಯಾಂಡಿಂಗ್ ಎನ್ನುತ್ತಾರೆ. ಸೋಪು, ಸೀರೆ, ಸಿದ್ಧ ತಿಂಡಿಯಂಥ ತಯಾರಿಕೆಗಳಲ್ಲಿ ಈ ಕೆಲಸ ಕಾರ್ಖಾನೆಯಲ್ಲೇ ಶುರುವಾಗುತ್ತದೆ. ತೋಟದ ಬೆಳೆಗಳಲ್ಲಿ ಹಾಗಲ್ಲ. ಬೆಳೆಗಾರನ ಕಣದಿಂದ ಹೊರಟ ಮೂಟೆ ವ್ಯಾಪಾರಿಯ ಗೋದಾಮಿನಲ್ಲಿ ಬೇರೆ ಮೂಟೆಗಳ ಜೊತೆ ಸೇರಿದ ಕೂಡಲೇ ಅದರ ಊರು, ತೋಟ, ಬೆಳೆದವರ ಹೆಸರು ಅಳಿಸಿಹೋಗುತ್ತವೆ. ಮುಂದೆ ಯಾರು ಹೊಸ ಹೆಸರು ಕೊಡುತ್ತಾರೋ ಲಾಭದ ದೊಡ್ಡ ಪಾಲು ಅವರದು.

ಬಾಬಾಬುಡನ್‌ಗಿರಿ ಸಾಲಿನ ಸುತ್ತಲಿನ ಕಾಫಿ ಈ ಸಂಗತಿಗೆ ಕರ್ನಾಟಕದಲ್ಲಿ ಸಿಗುವ ಸ್ಪಷ್ಟ ಉದಾಹರಣೆ. ಹತ್ತೊಂಬತ್ತನೆಯ ಶತಮಾನದಿಂದ ಇಂದಿನವರೆಗೆ ಇಲ್ಲಿನ ಬೀಜ ರಾಜ್ಯದ ಹೆಸರು, ಕರಾವಳಿಯ ಹೆಸರು, ಸರ್ಕಾರಿ ಮಂಡಳಿಯ ದರ್ಜೆ, ಪುಡಿ ಅಂಗಡಿಯ ಬೋರ್ಡು, ಕೆಫೆಯ ಲೋಗೊ, ಭೌಗೋಳಿಕ ಸೂಚಕ, ತೋಟದ ಹೆಸರು ಹೀಗೆ ಹಲವು ಗುರುತುಗಳಲ್ಲಿ ಮಾರಾಟವಾಗಿದೆ. ಹೆಸರು ಯಾರ ಕೈಯಲ್ಲಿತ್ತು ಎಂಬ ಪ್ರಶ್ನೆಯೇ ಈ ಚರಿತ್ರೆಯ ಮುಖ್ಯ ಎಳೆ.

ಸೀಮೆ ಮತ್ತು ಬೆಳೆ

ಈ ಬೆಟ್ಟಸಾಲಿನ ತಪ್ಪಲಲ್ಲಿ, ಚಿಕ್ಕಮಗಳೂರು ಜಿಲ್ಲೆಯ ತರೀಕೆರೆ ತಾಲ್ಲೂಕಿನ ಲಿಂಗದಹಳ್ಳಿ ಮಲೆನಾಡು ಮತ್ತು ಬಯಲುಸೀಮೆ ಕೂಡುವ ಅಂಚಿನಲ್ಲಿರುವ ಹೋಬಳಿ ಕೇಂದ್ರ. ತರೀಕೆರೆಯಿಂದ ಕಲ್ಲತ್ತಿಗಿರಿ, ಕೆಮ್ಮಣ್ಣುಗುಂಡಿಗಳಿಗೆ ಹೋಗುವ ರಸ್ತೆ ಈ ಊರನ್ನು ಹಾದು ಘಟ್ಟ ಹತ್ತುತ್ತದೆ. ಊರಿನ ಕೆಳಮಗ್ಗುಲಲ್ಲಿ ಅಡಿಕೆ ಮತ್ತು ತೆಂಗು, ಮೇಲಿನ ಇಳಿಜಾರುಗಳಲ್ಲಿ ನೆರಳಿನ ಮರಗಳ ಕೆಳಗೆ ಕಾಫಿ. ಪೂರ್ವಕ್ಕೆ ಸರಿದಂತೆ ಅಜ್ಜಂಪುರ, ಕಡೂರು ತಾಲ್ಲೂಕುಗಳ ಬಯಲಿನಲ್ಲಿ ರಾಗಿ, ಈರುಳ್ಳಿ, ತೆಂಗು ಕಾಣಸಿಗುತ್ತವೆ. ಪತ್ರಿಕೆಗಳು ಇಡೀ ಜಿಲ್ಲೆಗೆ ‘ಕಾಫಿನಾಡು’ ಎಂಬ ಬಿರುದು ಕೊಟ್ಟಿವೆ. ಕಾಫಿ ಗಿಡವನ್ನೇ ಕಾಣದ ಕಡೂರಿನ ಹಳ್ಳಿಗಳೂ ಆ ಬಿರುದಿನೊಳಗೆ ಬರುತ್ತವೆ. ಪ್ರದೇಶದ ಹೆಸರು ಬ್ರ್ಯಾಂಡ್ ಆದಾಗ ಒಂದು ಬೆಳೆ ಮಿಕ್ಕವನ್ನು ಮರೆಮಾಡುವುದು ಸಾಮಾನ್ಯ.

ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಎಂಬ ಸೂಫಿ ಸಂತರು ಯೆಮನ್‌ನ ಮೋಖಾ ಬಂದರಿನಿಂದ ಏಳು ಕಾಫಿ ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ, ಅಂದರೆ ಇಂದಿನ ಬಾಬಾಬುಡನ್‌ಗಿರಿಯಲ್ಲಿ, ಬಿತ್ತಿದರೆಂಬುದು ಪ್ರಚಲಿತ ಐತಿಹ್ಯ. ಈ ಕಥೆಗೆ ಮಾರಾಟದ ದೃಷ್ಟಿಯಿಂದ ದೊಡ್ಡ ಬೆಲೆಯಿದೆ. ಭಾರತದ ಕಾಫಿಯ ಬಗ್ಗೆ ಜಗತ್ತಿನ ಯಾವ ಮೂಲೆಯಲ್ಲಿ ಕರಪತ್ರ ಅಚ್ಚಾದರೂ ಏಳು ಬೀಜಗಳ ಪ್ರಸ್ತಾಪ ಬಂದೇ ಬರುತ್ತದೆ. ಜಾಹೀರಾತು ಸಂಸ್ಥೆಗಳು ಕಷ್ಟಪಟ್ಟು ಕಟ್ಟುವ ಮೂಲಕಥೆ ಈ ಬೆಟ್ಟಕ್ಕೆ ತಾನಾಗಿ ಒದಗಿದೆ.

ದರ್ಜೆಯೇ ಹೆಸರಾಗಿದ್ದ ಕಾಲ

ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಯೂರೋಪಿಯನ್ ತೋಟಗಾರರು ಈ ಬೆಟ್ಟಗಳಲ್ಲಿ ದೊಡ್ಡ ಪ್ರಮಾಣದ ಕಾಫಿ ಕೃಷಿ ಆರಂಭಿಸಿದರು. ಬೀಜ ಗಾಡಿಗಳಲ್ಲಿ ಘಟ್ಟ ಇಳಿದು ಮಂಗಳೂರಿನ ಕ್ಯೂರಿಂಗ್ ವರ್ಕ್ಸ್‌ಗಳನ್ನು ಸೇರಿ, ಅಲ್ಲಿ ಸಿಪ್ಪೆ ಸುಲಿಸಿಕೊಂಡು, ಗಾತ್ರಕ್ಕೆ ತಕ್ಕಂತೆ ವಿಂಗಡಣೆಯಾಗಿ ಹಡಗು ಹತ್ತುತ್ತಿತ್ತು. ವಿದೇಶಿ ಮಾರುಕಟ್ಟೆಯಲ್ಲಿ ಅದಕ್ಕೆ ‘ಮೈಸೂರು’ ಎಂಬ ಹೆಸರು ಅಂಟಿಕೊಂಡಿತು. ಬೆಳೆದ ಬೆಟ್ಟ ಯಾವುದಾದರೂ ಸಂಸ್ಥಾನದ ಹೆಸರೇ ಅದರ ವಿಳಾಸ. ಇಂದಿಗೂ ರಫ್ತು ವ್ಯಾಪಾರದಲ್ಲಿ ಉಳಿದಿರುವ ‘ಮೈಸೂರು ನಗೆಟ್ಸ್ ಎಕ್ಸ್‌ಟ್ರಾ ಬೋಲ್ಡ್’ ಎಂಬುದು ಆ ಹಳೆಯ ಖ್ಯಾತಿಯ ಮುಂದುವರಿಕೆ. ಅದು ಊರಿನ ಕಾಫಿ ಎನ್ನುವುದಕ್ಕಿಂತ ಒಂದು ದರ್ಜೆ. ಬಾಬಾಬುಡನ್‌ಗಿರಿ, ಕೊಡಗು, ಬಿಳಿಗಿರಿ ಮುಂತಾದ ಕಡೆಯ ತೊಳೆದ ಅರೇಬಿಕಾದಲ್ಲಿ ಅತಿ ದಪ್ಪ ಕಾಳುಗಳನ್ನು ಆರಿಸಿ ಈ ಹೆಸರಿನಲ್ಲಿ ಮಾರುತ್ತಾರೆ.

ಕರಾವಳಿಯ ನಂಟಿನಿಂದ ಹುಟ್ಟಿದ ಹೆಸರಿಗೆ ‘ಮಾನ್ಸೂನ್ಡ್ ಮಲಬಾರ್’ ಉದಾಹರಣೆ. ಹಾಯಿಹಡಗುಗಳ ಕಾಲದಲ್ಲಿ ಕಾಫಿ ತಿಂಗಳುಗಟ್ಟಲೆ ಸಮುದ್ರದ ಮೇಲಿರುತ್ತಿತ್ತು. ತೇವದ ಗಾಳಿಗೆ ಬೀಜ ಊದಿಕೊಂಡು, ಹಸಿರು ಬಣ್ಣ ಕಳೆದು, ಹುಳಿಯಂಶ ತಗ್ಗುತ್ತಿತ್ತು. ಯೂರೋಪಿನ ಕೆಲವು ದೇಶಗಳ ಜನ ಆ ರುಚಿಗೇ ಒಗ್ಗಿಹೋದರು. 1869ರಲ್ಲಿ ಸೂಯೆಜ್ ಕಾಲುವೆ ತೆರೆದು ಉಗಿಹಡಗುಗಳು ಬಂದ ಮೇಲೆ ಪ್ರಯಾಣದ ಅವಧಿ ಕುಗ್ಗಿ ಆ ರುಚಿ ತಪ್ಪಿತು. ಆಗ ಕರಾವಳಿಯ ಗೋದಾಮುಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀಜವನ್ನು ನೆಲದ ಮೇಲೆ ಹರಡಿ, ಆಗಾಗ ಕೆದಕಿ, ಸಡಿಲವಾಗಿ ಮೂಟೆ ಕಟ್ಟಿ, ಮೂಟೆಗಳ ನಡುವೆ ಮಳೆಗಾಳಿ ಆಡಲು ಬಿಟ್ಟು ಅದೇ ರುಚಿಯನ್ನು ಬೇಕೆಂದೇ ತರುವ ಕ್ರಮ ರೂಢಿಗೆ ಬಂತು. ಸಾಗಣೆಯ ದೋಷ ಹೀಗೆ ಸರಕಿನ ವೈಶಿಷ್ಟ್ಯವಾಯಿತು. ಈ ಹೆಸರಿಗೆ ಭೌಗೋಳಿಕ ಸೂಚಕವೂ ದೊರೆತಿದೆ. ಘಟ್ಟದ ಮೇಲೆ ಬೆಳೆದ ಬೀಜ ಕರಾವಳಿಯ ಗಾಳಿಯಿಂದ ಹೆಸರು ಗಳಿಸಿದ ಅಪರೂಪದ ಪ್ರಸಂಗವಿದು.

ಕಾಫಿ ಮಂಡಳಿ ಮತ್ತು ಪೂಲ್ ವ್ಯವಸ್ಥೆ

1930ರ ದಶಕದ ಆರ್ಥಿಕ ಕುಸಿತದಲ್ಲಿ ಕಾಫಿ ಬೆಲೆ ನೆಲ ಕಚ್ಚಿತು. 1935ರ ಕಾಫಿ ಸೆಸ್ ಕಾಯ್ದೆಯಡಿ ರಚನೆಯಾದ ಸೆಸ್ ಸಮಿತಿ ದೇಶದೊಳಗೆ ಕಾಫಿ ಕುಡಿಯುವವರನ್ನು ಹೆಚ್ಚಿಸುವ ಕೆಲಸಕ್ಕೆ ಕೈ ಹಾಕಿತು. 1936ರಲ್ಲಿ ಮುಂಬೈಯ ಚರ್ಚ್‌ಗೇಟ್‌ನಲ್ಲಿ ಮೊದಲ ಇಂಡಿಯಾ ಕಾಫಿ ಹೌಸ್ ತೆರೆಯಿತು. ಬಿಳಿ ಸಮವಸ್ತ್ರ, ಬೀಸಣಿಗೆಯಂತೆ ಗರಿ ಬಿಚ್ಚಿದ ಪೇಟ, ಅಗಲವಾದ ಸೊಂಟಪಟ್ಟಿ ಧರಿಸಿದ ಮಾಣಿಗಳು, ಕೈಗೆಟಕುವ ಬೆಲೆ, ಎಷ್ಟು ಹೊತ್ತು ಕೂತರೂ ಏಳಿ ಎನ್ನದ ವಾತಾವರಣ ಇವು ಯಾವ ಊರಿನ ಕಾಫಿ ಹೌಸಿಗೆ ಹೋದರೂ ಒಂದೇ ತೆರನಾಗಿದ್ದವು. ಬೆಳೆಗಾರರಿಂದ ಸಂಗ್ರಹಿಸಿದ ಸೆಸ್ ಹಣದಲ್ಲಿ ಕಟ್ಟಿದ ಇದನ್ನು ಭಾರತದ ಮೊದಲ ಕಾಫಿ ಪ್ರಚಾರಾಂದೋಲನಗಳಲ್ಲಿ ಒಂದೆಂದು ಎಣಿಸಬಹುದು. 1950ರ ದಶಕದಲ್ಲಿ ಕಾಫಿ ಮಂಡಳಿ ಈ ಕಾಫಿ ಹೌಸ್‌ಗಳನ್ನು ಮುಚ್ಚಲು ಹೊರಟಾಗ ಕಾರ್ಮಿಕ ನಾಯಕ ಎ.ಕೆ. ಗೋಪಾಲನ್ ಅವರ ಮುಂದಾಳತ್ವದಲ್ಲಿ ನೌಕರರು ಸಹಕಾರ ಸಂಘಗಳನ್ನು ಕಟ್ಟಿಕೊಂಡರು. 1957ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಮೊದಲ ಸಂಘ ಹುಟ್ಟಿತು. ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿದ್ದ ಕಾಫಿ ಹೌಸ್ 2009ರಲ್ಲಿ ಚರ್ಚ್ ಸ್ಟ್ರೀಟ್‌ಗೆ ಸ್ಥಳಾಂತರವಾಯಿತು.

ಎರಡನೆಯ ಮಹಾಯುದ್ಧದಿಂದ ಯೂರೋಪಿನ ಮಾರುಕಟ್ಟೆ ಮುಚ್ಚಿದ ಸಂದರ್ಭದಲ್ಲಿ 1942ರ ಕಾಫಿ ಕಾಯ್ದೆ ಬಂತು. ಮನೆಬಳಕೆ ಮತ್ತು ಬಿತ್ತನೆಗೆ ಬಿಟ್ಟು ಉಳಿದ ಬೆಳೆಯನ್ನೆಲ್ಲ ಬೆಳೆಗಾರ ಕಾಫಿ ಮಂಡಳಿಯ ‘ಪೂಲ್’ಗೆ ಒಪ್ಪಿಸುವುದು ಕಡ್ಡಾಯವಾಯಿತು. ಮಂಡಳಿಯ ಏಜೆಂಟರಾದ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಬೀಜದ ಜಾತಿ, ದರ್ಜೆ ನಿರ್ಧಾರವಾಗಿ ‘ಪಾಯಿಂಟ್’ ಲೆಕ್ಕದಲ್ಲಿ ಹಣ ಕಂತುಕಂತಾಗಿ ಬರುತ್ತಿತ್ತು. ಮೊದಲ ಕಂತು ಬೇಗ ಸಿಕ್ಕರೂ ಕೊನೆಯದಕ್ಕೆ ಬಹಳ ಕಾಲ ಕಾಯಬೇಕಿತ್ತು.

ಬೆಲೆ ಪಾತಾಳಕ್ಕಿಳಿಯದಂತೆ ಈ ವ್ಯವಸ್ಥೆ ಕಾಪಾಡಿತು. ಸಣ್ಣ ಬೆಳೆಗಾರನೂ ಮಾರಾಟದ ಚಿಂತೆಯಿಲ್ಲದೆ ಗಿಡ ನೋಡಿಕೊಂಡಿರಬಹುದಾಗಿತ್ತು. ಬಾಳೆಹೊನ್ನೂರಿನ ಕೇಂದ್ರ ಕಾಫಿ ಸಂಶೋಧನಾ ಸಂಸ್ಥೆಯ ತಳಿಗಳು, ಅದರಲ್ಲೂ ಎಸ್. 795, ಮನೆಮಾತಾದದ್ದು ಈ ಅವಧಿಯಲ್ಲೇ. ಆದರೆ ಚೆನ್ನಾಗಿ ಹಣ್ಣಾದುದನ್ನೇ ಕೊಯ್ದು ನಾಜೂಕಾಗಿ ಒಣಗಿಸಿದವನ ಬೀಜವೂ ಅವಸರದಲ್ಲಿ ಉದುರಿಸಿದವನ ಬೀಜವೂ ಒಂದೇ ದರ್ಜೆಯ ರಾಶಿಗೆ ಬೀಳುತ್ತಿದ್ದುದರಿಂದ ಹೆಚ್ಚಿನ ಶ್ರಮಕ್ಕೆ ಹೆಚ್ಚಿನ ಬೆಲೆ ಸಿಗುವ ದಾರಿ ಮುಚ್ಚಿತು. ಸುಮಾರು ಅರ್ಧ ಶತಮಾನ ಬೆಳೆಗಾರ ತನ್ನ ಕಾಫಿಗೆ ತನ್ನದೇ ಹೆಸರಿಟ್ಟು ಮಾರುವ ಪ್ರಶ್ನೆಯೇ ಏಳಲಿಲ್ಲ.

1989ರಲ್ಲಿ ಅಂತಾರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ವ್ಯವಸ್ಥೆ ಮುರಿದು ಬಿತ್ತು. 1991ರಲ್ಲಿ ಭಾರತದ ಕಾಫಿಯ ದೊಡ್ಡ ಗಿರಾಕಿಯಾಗಿದ್ದ ಸೋವಿಯತ್ ಒಕ್ಕೂಟ ಕುಸಿಯಿತು. ಪೂಲ್ ಸಡಿಲಿಸಬೇಕೆಂಬ ಬೆಳೆಗಾರರ ಒತ್ತಾಯಕ್ಕೆ ಬಲ ಬಂದು, 1992ರಲ್ಲಿ ಬೆಳೆಯ ಶೇ. 30 ಭಾಗವನ್ನು ದೇಶದೊಳಗೆ ನೇರವಾಗಿ ಮಾರಲು ಅನುಮತಿ ಸಿಕ್ಕಿತು. ಹಂತಹಂತವಾಗಿ ಈ ಪ್ರಮಾಣ ಏರಿ 1996ರಲ್ಲಿ ಎಲ್ಲ ಬೆಳೆಗಾರರಿಗೂ ಪೂರ್ಣ ಸ್ವಾತಂತ್ರ್ಯ ದೊರೆಯಿತು. ಮಾರುವ ಹಕ್ಕು ಬಂತು, ಹೆಸರಿಡುವ ಅಭ್ಯಾಸ ಇನ್ನೂ ಬಂದಿರಲಿಲ್ಲ.

ಪುಡಿ ಅಂಗಡಿ ಮತ್ತು ಪೊಟ್ಟಣದ ಕಾಫಿ

ಕುಡಿಯುವವರ ಮಟ್ಟದಲ್ಲಿ ಬ್ರ್ಯಾಂಡ್ ಎಂದರೆ ಬಹುಕಾಲ ಬೀದಿಯ ಪುಡಿ ಅಂಗಡಿಯೇ. ಚಿಕ್ಕಮಗಳೂರಿನ ಪಾಂಡುರಂಗ ಕಾಫಿ, 1949ರಿಂದ ನಡೆದುಬಂದಿರುವ ಬೆಂಗಳೂರಿನ ಕೋಥಾಸ್ ಈ ಪರಂಪರೆಯವು. ಇಂಥ ಅಂಗಡಿಯ ಮುಖ್ಯ ಜಾಹೀರಾತು ಹುರಿಯುವ ಯಂತ್ರದಿಂದ ರಸ್ತೆಗೆ ಹಬ್ಬುವ ಘಮ. ಗಿರಾಕಿ ‘ಅರ್ಧ ಕೆಜಿ, ಪೀಬೆರಿ ಮುಕ್ಕಾಲು, ರೊಬಸ್ಟಾ ಕಾಲು, ಚಿಕೋರಿ ಇಪ್ಪತ್ತು’ ಎಂದು ತನ್ನ ಮನೆಯ ಅಳತೆ ಹೇಳುತ್ತಾನೆ. ಅಂಗಡಿಯವರು ಡಬ್ಬಗಳಿಂದ ಬೀಜ ತೂಗಿ, ಎದುರಿಗೇ ಬೀಸಿ, ಬಿಸಿ ಆರುವ ಮೊದಲೇ ಪೊಟ್ಟಣ ಕಟ್ಟಿ ಕೊಡುತ್ತಾರೆ. ಮಿಶ್ರಣ ಗಿರಾಕಿಯದು, ಮೇಲಿನ ಮುದ್ರೆ ಅಂಗಡಿಯದು. ಒಮ್ಮೆ ನಾಲಿಗೆಗೆ ಹತ್ತಿದ ಅಳತೆ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಸಾಗುತ್ತದೆ. ಹೊರ ಊರಿನಲ್ಲಿ ನೆಲೆಸಿದ ಮಕ್ಕಳೂ ಅದೇ ಅಂಗಡಿಯಿಂದ ಪುಡಿ ತರಿಸಿಕೊಳ್ಳುವುದುಂಟು.

ಪೀಬೆರಿ, ಪ್ಲಾಂಟೇಶನ್ ಎ ಎಂಬ ಮಾತುಗಳು ಮೂಲತಃ ಕ್ಯೂರಿಂಗ್ ವರ್ಕ್ಸ್‌ನ ದರ್ಜೆಗಳು. ಪುಡಿ ಅಂಗಡಿಗಳ ಮೂಲಕ ಅವು ಮನೆಯ ಮಾತಾದವು. ಬೀಜ ಯಾವ ತೋಟದ್ದು, ಯಾವ ತಳಿಯದ್ದು ಎಂದು ಕೇಳುವ ರೂಢಿ ಬೆಳೆಯಲಿಲ್ಲ.

ಪೊಟ್ಟಣದ ಪೇಟೆಯಲ್ಲಿ ದೊಡ್ಡ ಕಂಪನಿಗಳು ಬೇರೆ ದಾರಿ ಹಿಡಿದವು. ಬ್ರೂಕ್ ಬಾಂಡ್ ಸಂಸ್ಥೆಯ ಬ್ರೂ, ನೆಸ್ಲೆಯ ನೆಸ್ಕೆಫೆಗಳು ಫಿಲ್ಟರ್ ಇಲ್ಲದೆ ನಿಮಿಷದಲ್ಲಿ ಕಾಫಿ ಎಂಬ ಅನುಕೂಲವನ್ನೇ ಮುಂದಿಟ್ಟವು. ನೆಸ್ಲೆಯ ಇನ್‌ಸ್ಟಂಟ್ ಕಾಫಿ ಕಾರ್ಖಾನೆ ಮೈಸೂರು ಬಳಿಯ ನಂಜನಗೂಡಿನಲ್ಲಿದೆ. ಇಲ್ಲಿ ಬ್ರ್ಯಾಂಡ್ ಕೊಡುವ ಭರವಸೆ ಎಲ್ಲ ಕಾಲದಲ್ಲೂ ಒಂದೇ ರುಚಿ ಎಂಬುದು. ಹಲವು ಪ್ರದೇಶಗಳ ಬೀಜ ಬೆರೆಸಿದರೆ ಮಾತ್ರ ಅದು ಸಾಧ್ಯವಾಗುವುದರಿಂದ ಊರಿನ ಹೆಸರು ಇಂಥ ಬ್ರ್ಯಾಂಡಿಗೆ ತೊಡಕೇ ಹೊರತು ನೆರವಲ್ಲ.

ಪೊಟ್ಟಣದ ಮೇಲಿನ ಬರಹಕ್ಕೆ ಕಾನೂನಿನ ಕಟ್ಟಳೆಯೂ ಇದೆ. ಕಾಫಿ–ಚಿಕೋರಿ ಮಿಶ್ರಣದಲ್ಲಿ ಕಾಫಿ ಶೇ. 51ಕ್ಕಿಂತ ಕಡಿಮೆ ಇರುವಂತಿಲ್ಲ. ಎರಡರ ಪ್ರಮಾಣವನ್ನೂ ಚೀಟಿಯಲ್ಲಿ ನಮೂದಿಸಬೇಕು. ಹೊರಗೆ ಎಂಥ ಬೆಟ್ಟದ ಚಿತ್ರವಿದ್ದರೂ ಒಳಗೇನಿದೆ ಎಂಬುದನ್ನು ತಿಳಿಸುವುದು ಆ ಸಣ್ಣಕ್ಷರದ ಸಾಲು.

ಕೆಫೆ ಎಂಬ ಬ್ರ್ಯಾಂಡ್

ಮುಕ್ತ ಮಾರುಕಟ್ಟೆಯ ಅವಕಾಶವನ್ನು ಅತಿ ದೊಡ್ಡ ಪ್ರಮಾಣದಲ್ಲಿ ಬಳಸಿಕೊಂಡವರು ಚಿಕ್ಕಮಗಳೂರು ಜಿಲ್ಲೆಯ ಕಾಫಿ ಬೆಳೆಗಾರ ಕುಟುಂಬದ ವಿ.ಜಿ. ಸಿದ್ಧಾರ್ಥ. 1993ರಲ್ಲಿ ಅವರು ಸ್ಥಾಪಿಸಿದ ಅಮಾಲ್ಗಮೇಟೆಡ್ ಬೀನ್ ಕಾಫಿ ಟ್ರೇಡಿಂಗ್ ಕಂಪನಿ ಮೊದಲು ಬೀಜ ರಫ್ತಿನಲ್ಲಿ ತೊಡಗಿತ್ತು. 1994ರಲ್ಲಿ ಬ್ರೆಜಿಲ್‌ನ ತೋಟಗಳಿಗೆ ಹಿಮ ಬಡಿದು ಜಾಗತಿಕ ಬೆಲೆ ಜಿಗಿದದ್ದು ರಫ್ತುದಾರರಿಗೆ ವರವಾಯಿತು. 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ತೆರೆಯಿತು. ಇಂಟರ್ನೆಟ್ ಇನ್ನೂ ಅಪರೂಪವಾಗಿದ್ದಾಗ ಕಾಫಿಯ ಜೊತೆ ಕಂಪ್ಯೂಟರ್ ಮುಂದೆ ಕೂರುವ ಸೌಲಭ್ಯ ಕೊಟ್ಟದ್ದು ಯುವಜನರನ್ನು ಸೆಳೆಯಿತು.

ಇಲ್ಲಿ ಮಾರಾಟವಾದದ್ದು ಕಾಫಿಗಿಂತ ಹೆಚ್ಚಾಗಿ ಕೂರುವ ಜಾಗ. ದರ್ಶಿನಿಯಲ್ಲಿ ನಿಂತು ಕುಡಿದು ಹೋಗುವ ನಗರದಲ್ಲಿ ಗೆಳೆಯರು ಗಂಟೆಗಟ್ಟಲೆ ಮಾತಾಡಲು, ಕೆಲಸದ ಸಂದರ್ಶನ ನಡೆಸಲು, ಹೆಣ್ಣುಮಕ್ಕಳು ನಿರಾತಂಕವಾಗಿ ಕೂರಲು ತಂಪಾದ ಕೋಣೆ ಸಿಕ್ಕಿತು. ‘ಎ ಲಾಟ್ ಕ್ಯಾನ್ ಹ್ಯಾಪನ್ ಓವರ್ ಕಾಫಿ’ ಎಂಬ ಘೋಷವಾಕ್ಯದಲ್ಲಿ ಬೀಜದ ಗುಣದ ಸುದ್ದಿಯೇ ಇಲ್ಲ, ಭೇಟಿಯ ಸಾಧ್ಯತೆಯೊಂದೇ ಇದೆ. 2009ರಲ್ಲಿ ಲೋಗೊವನ್ನು ಮಾತಿನ ಗುಳ್ಳೆಯ ಆಕಾರಕ್ಕೆ ಬದಲಿಸಿದ್ದೂ ಅದೇ ತರ್ಕದಿಂದ. ತೋಟ, ಕ್ಯೂರಿಂಗ್, ಹುರಿಯುವಿಕೆ, ಪುಡಿ ಅಂಗಡಿ, ಕಚೇರಿಗಳ ಕಾಫಿ ಯಂತ್ರ, ಕೆಫೆ ಎಲ್ಲವೂ ಒಂದೇ ಸಮೂಹದ ಕೈಯಲ್ಲಿದ್ದುದು ಅದರ ಬಲ. ಉತ್ತುಂಗದಲ್ಲಿ ಕೆಫೆಗಳ ಸಂಖ್ಯೆ 1,700 ದಾಟಿತ್ತು.

2012ರಲ್ಲಿ ಟಾಟಾ ಸಮೂಹದ ಜೊತೆ ಸ್ಟಾರ್‌ಬಕ್ಸ್ ಭಾರತಕ್ಕೆ ಬಂದಾಗ ಸ್ಪರ್ಧೆ ಬಿಗಿಯಾಯಿತು. ದುಬಾರಿ ಬಾಡಿಗೆ, ವೇಗದ ವಿಸ್ತರಣೆ, ಇತರ ಉದ್ಯಮಗಳಲ್ಲಿ ತೊಡಗಿಸಿದ ಬಂಡವಾಳ ಇವುಗಳ ನಡುವೆ ಸಮೂಹದ ಸಾಲ ಸಾವಿರಾರು ಕೋಟಿ ರೂಪಾಯಿಗೆ ಬೆಳೆಯಿತು. 2019ರ ಜುಲೈನಲ್ಲಿ ಸಿದ್ಧಾರ್ಥ ತೀರಿಕೊಂಡರು. 2020ರ ಡಿಸೆಂಬರ್‌ನಲ್ಲಿ ಅವರ ಪತ್ನಿ ಮಾಳವಿಕಾ ಹೆಗ್ಡೆ ಮುಖ್ಯ ಕಾರ್ಯನಿರ್ವಾಹಕಿಯಾಗಿ ಆಸ್ತಿ ಮಾರಾಟ ಮತ್ತು ಕೆಫೆಗಳ ಕಡಿತದ ಮೂಲಕ ಸಾಲ ಇಳಿಸುವ ಕೆಲಸ ಮುಂದುವರಿಸಿದರು. 2022ರ ಹೊತ್ತಿಗೆ ಸುಮಾರು 500 ಕೆಫೆಗಳು ಉಳಿದವು. ಜನಪ್ರಿಯತೆ ಮತ್ತು ಲೆಕ್ಕಪತ್ರ ಬೇರೆ ಬೇರೆ ಎಂಬುದಕ್ಕೆ ಈ ಪ್ರಸಂಗ ಸಾಕ್ಷಿ. ಬ್ರ್ಯಾಂಡ್ ಎಷ್ಟೇ ಗಟ್ಟಿಯಿದ್ದರೂ ಸಾಲದ ಬಡ್ಡಿ ಕಟ್ಟುವುದು ದಿನದ ಗಲ್ಲಾಪೆಟ್ಟಿಗೆ.

ಭೌಗೋಳಿಕ ಸೂಚಕ

ಟ್ರೇಡ್‌ಮಾರ್ಕ್ ಒಬ್ಬ ವ್ಯಕ್ತಿಯ ಅಥವಾ ಒಂದು ಸಂಸ್ಥೆಯ ಸ್ವತ್ತು. ಭೌಗೋಳಿಕ ಸೂಚಕ ಅಥವಾ ಜಿಐ ಒಂದು ಪ್ರದೇಶದ ಉತ್ಪಾದಕರೆಲ್ಲರ ಸಾಮೂಹಿಕ ಹೆಸರು. ಅದನ್ನು ಮಾರಲು, ಒತ್ತೆ ಇಡಲು ಬರುವುದಿಲ್ಲ. 1999ರಲ್ಲಿ ಅಂಗೀಕಾರವಾದ ಭಾರತದ ಕಾಯ್ದೆ 2003ರ ಸೆಪ್ಟೆಂಬರ್‌ನಲ್ಲಿ ಜಾರಿಯಾಯಿತು. ಮೊದಲ ನೋಂದಣಿ ಡಾರ್ಜಿಲಿಂಗ್ ಚಹಾಕ್ಕೆ ಸಂದಿತು.

2019ರ ಮಾರ್ಚ್‌ನಲ್ಲಿ ಕಾಫಿ ಮಂಡಳಿಯ ಪ್ರಯತ್ನದಿಂದ ಕೊಡಗು ಅರೇಬಿಕಾ, ವಯನಾಡು ರೊಬಸ್ಟಾ, ಅರಕು ಕಣಿವೆ ಅರೇಬಿಕಾಗಳ ಜೊತೆ ಚಿಕ್ಕಮಗಳೂರು ಅರೇಬಿಕಾ ಮತ್ತು ಬಾಬಾಬುಡನ್‌ಗಿರಿ ಅರೇಬಿಕಾಗಳಿಗೂ ಈ ಮನ್ನಣೆ ದೊರೆಯಿತು. ಒಂದೇ ಜಿಲ್ಲೆಗೆ ಕಾಫಿಯಲ್ಲಿ ಎರಡು ಹೆಸರು ಸಿಕ್ಕಿದ್ದು ವಿಶೇಷ. ಬಾಬಾಬುಡನ್‌ಗಿರಿ ಕಾಫಿ ಎತ್ತರದ ತಂಪಿನಲ್ಲಿ ನಿಧಾನವಾಗಿ ಹಣ್ಣಾಗುತ್ತದೆ. ಕೈಯಿಂದ ಆರಿಸಿ ಕೊಯ್ದು ಸಹಜ ಹುದುಗುವಿಕೆಯಿಂದ ಸಂಸ್ಕರಿಸುತ್ತಾರೆ. ಬಟ್ಟಲಿನಲ್ಲಿ ತುಂಬು ಮೈಕಟ್ಟು, ಹುಳಿಯಂಶ, ಎದ್ದು ಕಾಣುವ ಪರಿಮಳ ಮತ್ತು ಚಾಕೊಲೇಟಿನ ಛಾಯೆ ಇರುತ್ತದೆ ಎಂಬುದು ಅಧಿಕೃತ ವಿವರಣೆಯ ಸಾರ.

ಈ ಹೆಸರನ್ನು ಪೊಟ್ಟಣದ ಮೇಲೆ ಬಳಸಲು ಬೆಳೆಗಾರರು, ಸಂಸ್ಕರಣಕಾರರು ಅಧಿಕೃತ ಬಳಕೆದಾರರೆಂದು ಪ್ರತ್ಯೇಕವಾಗಿ ನೋಂದಾಯಿಸಿಕೊಳ್ಳಬೇಕು. ಜಿಐ ತನಗೆ ತಾನೇ ಬೆಲೆ ಏರಿಸುವುದಿಲ್ಲ. ಬೀಜ ಆ ಬೆಟ್ಟದ್ದೇ ಎಂದು ತೋಟದಿಂದ ಬಟ್ಟಲಿನವರೆಗೆ ಕಾಗದಪತ್ರದಲ್ಲಿ ತೋರಿಸುವ ಜಾಡು, ಕಳಪೆಯನ್ನು ಹೊರಗಿಡುವ ಶಿಸ್ತು, ಹೆಸರು ಕದ್ದವರ ಮೇಲೆ ದಾವೆ ಹೂಡುವ ಚೈತನ್ಯ ಇವು ಕೂಡಿದರೆ ಮಾತ್ರ ಅದು ವ್ಯಾಪಾರದ ಸಾಧನವಾಗುತ್ತದೆ. ಮಂಡಳಿಯ ಪೂಲ್‌ನಲ್ಲಿ ಎಲ್ಲರ ಕಾಫಿ ಹೆಸರಿಲ್ಲದೆ ಸೇರುತ್ತಿತ್ತು. ಜಿಐನಲ್ಲಿ ಎಲ್ಲರ ಕಾಫಿಗೂ ಒಂದೇ ಹೆಸರಿದೆ, ಆದರೆ ಪ್ರತಿ ಮೂಟೆಯೂ ಬೇರೆಯಾಗಿಯೇ ಉಳಿದು ತನ್ನ ಗುಣಕ್ಕೆ ತಾನೇ ಹೊಣೆಯಾಗುತ್ತದೆ.

ತೋಟದ ಹೆಸರಿನ ಕಾಫಿ

ಎರಡು ಸಾವಿರದ ಹತ್ತರ ನಂತರದ ದಶಕದಲ್ಲಿ ಸ್ಪೆಷಾಲಿಟಿ ಕಾಫಿಯ ಅಲೆ ಭಾರತದ ನಗರಗಳಿಗೆ ಬಂತು. ತರಬೇತಾದ ರುಚಿಗಾರರು 100 ಅಂಕಗಳ ಪಟ್ಟಿಯಲ್ಲಿ 80 ಅಥವಾ ಹೆಚ್ಚು ಕೊಟ್ಟ ಕಾಫಿಗೆ ಈ ಹೆಸರು ಸಲ್ಲುತ್ತದೆ. ಕಾಫಿ ಮಂಡಳಿ 2002ರಲ್ಲಿ ಆರಂಭಿಸಿದ ‘ಫ್ಲೇವರ್ ಆಫ್ ಇಂಡಿಯಾ’ ರುಚಿ ಸ್ಪರ್ಧೆ, ಮಂಡಳಿಯಲ್ಲಿ ಗುಣಮಟ್ಟ ವಿಭಾಗ ನಡೆಸಿ ಬಳಿಕ ಬೆಂಗಳೂರಿನಲ್ಲಿ ಕಾಫಿಲ್ಯಾಬ್ ಕಟ್ಟಿದ ಸುನಾಲಿನಿ ಮೆನನ್ ಅವರಂಥ ರುಚಿತಜ್ಞರ ಕೆಲಸ ಇದಕ್ಕೆ ಮೊದಲೇ ನೆಲ ಹದಗೊಳಿಸಿದ್ದವು. 2013ರಲ್ಲಿ ದೆಹಲಿಯಲ್ಲಿ ಆರಂಭವಾದ ಬ್ಲೂ ಟೋಕೈ ಪೊಟ್ಟಣದ ಮೇಲೆ ತೋಟದ ಹೆಸರನ್ನೇ ದೊಡ್ಡದಾಗಿ ಅಚ್ಚು ಹಾಕಿ, ಹುರಿದ ದಿನಾಂಕ ಕೊಟ್ಟು, ಆನ್‌ಲೈನ್‌ನಲ್ಲಿ ಮಾರಿತು. ಬಿಳಿಗಿರಿರಂಗನ ಬೆಟ್ಟದ ಅತ್ತಿಕಾನ್‌ನಂಥ ತೋಟಗಳ ಹೆಸರು ಹೀಗೆ ಉತ್ತರ ಭಾರತದ ಅಡುಗೆಮನೆಗೂ ತಲುಪಿತು. ಬೆಂಗಳೂರಿನ ಥರ್ಡ್ ವೇವ್ ಕಾಫಿಯೂ ಇದೇ ಅಲೆಯಲ್ಲಿ ಬಂದುದು.

ಇಂಥ ಪೊಟ್ಟಣದ ಚೀಟಿಯಲ್ಲಿ ತಳಿ, ಸಮುದ್ರಮಟ್ಟದಿಂದ ಎತ್ತರ, ಸಂಸ್ಕರಣೆಯ ವಿಧಾನ ಎಲ್ಲವೂ ಇರುತ್ತವೆ. ಬೆಳೆಗಾರರ ನಡುವೆಯಷ್ಟೇ ಓಡಾಡುತ್ತಿದ್ದ ಎಸ್. 795, ಸೆಲೆಕ್ಷನ್ 9, ಚಂದ್ರಗಿರಿ ಎಂಬ ಮಾತುಗಳು ಈಗ ಕುಡಿಯುವವರ ಬಾಯಲ್ಲೂ ಇವೆ. ತೊಳೆದದ್ದು, ಹಣ್ಣಿನ ಸಮೇತ ಒಣಗಿಸಿದ್ದು, ಅಂಟು ಉಳಿಸಿಕೊಂಡು ಒಣಗಿಸಿದ ‘ಹನಿ’ ಎಂಬ ವ್ಯತ್ಯಾಸಗಳಿಗೂ ಬೆಲೆ ಬಂದಿದೆ.

ಪ್ರವಾಸೋದ್ಯಮ ಇದಕ್ಕೆ ಹೆಗಲು ಕೊಟ್ಟಿದೆ. ಮುಳ್ಳಯ್ಯನಗಿರಿ, ಕೆಮ್ಮಣ್ಣುಗುಂಡಿ, ಕಲ್ಲತ್ತಿಗಿರಿಗೆ ಬರುವವರಿಗೆ ಹೋಮ್‌ಸ್ಟೇಗಳು ತೋಟ ಸುತ್ತಿಸಿ, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮತ್ತು ಕಣ ತೋರಿಸಿ, ಹೊರಡುವಾಗ ಮನೆಯ ಪುಡಿ ಮಾರುತ್ತವೆ. ಮಧ್ಯವರ್ತಿಯಿಲ್ಲದ ಈ ಮಾರಾಟದಲ್ಲಿ ಪ್ರಮಾಣ ಚಿಕ್ಕದು, ಕಿಲೋಗೆ ಸಿಗುವ ಲಾಭ ದೊಡ್ಡದು.

ಹಾಗೆಂದು ಸಾಮಾನ್ಯ ವ್ಯಾಪಾರ ಬದಲಾಗಿದೆ ಎನ್ನುವಂತಿಲ್ಲ. ತರೀಕೆರೆ ಕಡೆಯ ಸಣ್ಣ ಬೆಳೆಗಾರನ ಕಾಫಿಯನ್ನು ವ್ಯಾಪಾರಿ ನೋಡುವ ಬಗೆ ಹಳೆಯದೇ. ಮೂಟೆಯಿಂದ ಹಿಡಿಯಷ್ಟು ಮಾದರಿ ತೆಗೆದು, ಸಿಪ್ಪೆ ಬಿಡಿಸಿ ತೂಗಿ ‘ಔಟ್‌ಟರ್ನ್’ ನೋಡುತ್ತಾನೆ. ಮಾಪಕದಲ್ಲಿ ತೇವಾಂಶ ಓದುತ್ತಾನೆ. ಕಪ್ಪು ಕಾಳು, ಬೋರರ್ ಹುಳ ಕೊರೆದ ಕಾಳು ಎಷ್ಟಿವೆ ಎಂದು ಅಂಗೈಯಲ್ಲೇ ಆರಿಸಿ ಎಣಿಸುತ್ತಾನೆ. ಬಳಿಕ 50 ಕಿಲೋ ಮೂಟೆಗೆ ಆ ದಿನದ ದರ ಹೇಳುತ್ತಾನೆ. ಆ ದರ ಅರೇಬಿಕಾಕ್ಕೆ ನ್ಯೂಯಾರ್ಕಿನ, ರೊಬಸ್ಟಾಕ್ಕೆ ಲಂಡನ್ನಿನ ವಾಯಿದಾ ಪೇಟೆಯನ್ನು ಅನುಸರಿಸುತ್ತದೆ. ತೋಟದ ಹೆಸರು ಕೇಳುವ ಪ್ರಸಂಗವೇ ಬರುವುದಿಲ್ಲ.

ನೆರೆಯ ಬೆಳೆಗಳು

ಅದೇ ಸೀಮೆಯ ಅಡಿಕೆ, ಕೊಬ್ಬರಿಗಳನ್ನು ಪಕ್ಕಕ್ಕಿಟ್ಟು ನೋಡಿದರೆ ಕಾಫಿ ಎಷ್ಟು ದೂರ ಬಂದಿದೆ ಎಂಬುದು ತಿಳಿಯುತ್ತದೆ. ಅಡಿಕೆ ಇಂದಿಗೂ ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ದರ್ಜೆಯ ಹೆಸರುಗಳಲ್ಲೇ ವ್ಯಾಪಾರವಾಗುತ್ತದೆ. 1939ರಲ್ಲಿ ಶಿವಮೊಗ್ಗದಲ್ಲಿ ಸ್ಥಾಪನೆಯಾದ ಅಡಿಕೆ ಮಾರಾಟ ಸಹಕಾರ ಸಂಘ ಮಾಮ್‌ಕೋಸ್ ಬೆಳೆಗಾರರಿಗೆ ನ್ಯಾಯವಾದ ತೂಕ ಮತ್ತು ಟೆಂಡರ್ ದರ ಒದಗಿಸಿತು. ಗ್ರಾಹಕನಿಗೆ ಕಾಣುವ ಬ್ರ್ಯಾಂಡ್ ಮಾತ್ರ ದೂರದ ಪಾನ್ ಮಸಾಲೆ ಕಂಪನಿಗಳದು. 1973ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕ್ಯಾಂಪ್ಕೊ ಸಹಕಾರ ಸಂಸ್ಥೆ ಅಡಿಕೆ ತೋಟದ ನಡುವೆ ಬೆಳೆದ ಕೋಕೊವನ್ನು ಕೊಂಡು 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ತೆರೆದದ್ದು ಬೆಳೆಗಾರರ ಸಂಸ್ಥೆಯೇ ತಯಾರಿಕೆಗೆ ಇಳಿದ ಉದಾಹರಣೆ. ಅಡಿಕೆಯಲ್ಲಿ ಪ್ರದೇಶದ ಹೆಸರಿಗೆ ಜಿಐ ಪಡೆದದ್ದು ಶಿರಸಿ, 2019ರಲ್ಲಿ.

ಕೊಬ್ಬರಿಯಲ್ಲಿ ಹೆಸರು ಮಾರುಕಟ್ಟೆಯದು. ಕಡೂರು ಸೀಮೆಯ ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಉಂಡೆ ಕೊಬ್ಬರಿ ತಿಪಟೂರಿನ ಹರಾಜು ಕಟ್ಟೆ ಸೇರಿದರೆ ಉತ್ತರ ಭಾರತದ ವ್ಯಾಪಾರಿಗೆ ಅದು ತಿಪಟೂರು ಕೊಬ್ಬರಿಯೇ.

ಕರ್ನಾಟಕದ ಇತರ ಮಾದರಿಗಳು

ರಾಜ್ಯದ ಮೂರು ಹಳೆಯ ಬ್ರ್ಯಾಂಡ್‌ಗಳು ಹೆಸರಿನ ಒಡೆತನದ ಮೂರು ಬಗೆಗಳನ್ನು ತೋರಿಸುತ್ತವೆ. ಮೊದಲನೆಯದು ಸರ್ಕಾರದ ಒಡೆತನ. ಮೊದಲ ಮಹಾಯುದ್ಧದಿಂದ ಗಂಧದ ಕೊರಡಿನ ರಫ್ತು ನಿಂತಾಗ ಮೈಸೂರು ಸಂಸ್ಥಾನ 1916ರಲ್ಲಿ ಗಂಧದೆಣ್ಣೆ ತೆಗೆಯುವ ಕಾರ್ಖಾನೆ ಆರಂಭಿಸಿತು. 1918ರಲ್ಲಿ ಮೈಸೂರು ಸ್ಯಾಂಡಲ್ ಸೋಪು ಬಂತು. ರಸಾಯನತಜ್ಞ ಎಸ್.ಜಿ. ಶಾಸ್ತ್ರಿ ಅದರ ರೂವಾರಿ. ಆಯತಾಕಾರದ ಸೋಪುಗಳ ನಡುವೆ ಅಂಡಾಕಾರ, ಒಡವೆಯ ಪೆಟ್ಟಿಗೆಯನ್ನು ನೆನಪಿಸುವ ಹೊದಿಕೆ, ಸಿಂಹದ ಮೈ ಆನೆಯ ತಲೆಯ ಶರಭ ಲಾಂಛನ ಇವು ನೂರು ವರ್ಷ ದಾಟಿದರೂ ಹೆಚ್ಚು ಬದಲಾಗಿಲ್ಲ.

ಎರಡನೆಯದು ಖಾಸಗಿ ಒಡೆತನ. 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಎಂಟಿಆರ್ ಹೋಟೆಲ್ ತುರ್ತುಪರಿಸ್ಥಿತಿಯ ದರ ನಿಯಂತ್ರಣದ ದಿನಗಳಲ್ಲಿ ಸಿದ್ಧ ಹಿಟ್ಟು, ಪುಡಿಗಳ ವ್ಯಾಪಾರಕ್ಕೆ ತಿರುಗಿತು. 2007ರಲ್ಲಿ ಎಂಟಿಆರ್ ಫುಡ್ಸ್ ನಾರ್ವೆಯ ಓರ್ಕ್ಲಾ ಸಂಸ್ಥೆಯ ಪಾಲಾಯಿತು, ಹೋಟೆಲ್ ಕುಟುಂಬದಲ್ಲೇ ಉಳಿಯಿತು. ಒಂದೇ ಹೆಸರು ಇಂದು ಎರಡು ಒಡೆತನಗಳಲ್ಲಿದೆ.

ಮೂರನೆಯದು ಸಹಕಾರಿ ಒಡೆತನ. ಕರ್ನಾಟಕ ಹಾಲು ಮಹಾಮಂಡಳಿಯ ‘ನಂದಿನಿ’ಯಲ್ಲಿ ಲಕ್ಷಾಂತರ ಮನೆಗಳ ಹಾಲು ಬೆರೆಯುತ್ತದೆ. ಯಾವ ರೈತನ ಹಾಲಿಗೂ ಪ್ರತ್ಯೇಕ ಗುರುತಿಲ್ಲ. ಆದರೂ ಪೊಟ್ಟಣದ ಮೇಲಿನ ಹೆಸರು ಉತ್ಪಾದಕರ ಸಂಘಗಳ ಒಕ್ಕೂಟದ್ದು. 2023ರಲ್ಲಿ ಬೆಂಗಳೂರಿಗೆ ಅಮುಲ್ ಹಾಲು ಬರುವ ಸುದ್ದಿ ಚುನಾವಣೆಯ ವಿಷಯವಾದದ್ದು ಈ ಹೆಸರಿನ ಮೇಲಿನ ಅಭಿಮಾನದಿಂದ. 2024ರ ಟಿ20 ವಿಶ್ವಕಪ್‌ನಲ್ಲಿ ಸ್ಕಾಟ್ಲೆಂಡ್ ಮತ್ತು ಐರ್ಲೆಂಡ್ ತಂಡಗಳಿಗೆ ಪ್ರಾಯೋಜಕತ್ವ ನೀಡಿ ನಂದಿನಿ ಹೊರನಾಡಿನಲ್ಲೂ ಕಾಣಿಸಿಕೊಂಡಿತು. ಬೆರೆಸುವುದರಿಂದಲೇ ಬೆಳೆಗಾರ ಹೆಸರು ಕಳೆದುಕೊಳ್ಳುತ್ತಾನೆ ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ. ಬೆರೆತ ಮೇಲೆ ಇಡುವ ಹೆಸರು ಯಾರ ಸ್ವತ್ತು ಎಂಬುದೇ ನಿರ್ಣಾಯಕ. ಕಾಫಿ ಪೂಲ್‌ನಲ್ಲಿ ಅಂಥ ಹೆಸರು ಬೆಳೆಗಾರರ ಕೈಗೆ ಬರಲಿಲ್ಲ.

ಮಿತಿಗಳು ಮತ್ತು ಇತ್ತೀಚಿನ ಸ್ಥಿತಿ

ಭಾರತದ ಕಾಫಿಯಲ್ಲಿ ಸುಮಾರು ಶೇ. 70 ಕರ್ನಾಟಕದ್ದು. ಪ್ರಮಾಣದಲ್ಲಿ ಕೊಡಗು ಮೊದಲು, ಚಿಕ್ಕಮಗಳೂರು ನಂತರ. ಹಿಡುವಳಿಗಳಲ್ಲಿ ಬಹುಪಾಲು 10 ಹೆಕ್ಟೇರಿಗಿಂತ ಕಡಿಮೆ. ಎರಡು ಮೂರು ಎಕರೆಯ ಬೆಳೆಗಾರ ಸ್ವಂತ ಬ್ರ್ಯಾಂಡ್ ಮಾಡಲು ಹೊರಟರೆ ಹಣ್ಣು ಆರಿಸುವ ಹೆಚ್ಚಿನ ಕೂಲಿ, ಪಲ್ಪಿಂಗಿಗೆ ನೀರು, ಒಣಗಿಸಲು ಎತ್ತರದ ಜಾಲರಿ, ಹುರಿಯುವ ಯಂತ್ರ, ಆಹಾರ ಸುರಕ್ಷತಾ ಪರವಾನಗಿ, ಗಾಳಿ ಆಡದ ಪೊಟ್ಟಣ, ಕೊರಿಯರ್ ಖರ್ಚು ಇಷ್ಟೂ ಎದುರಾಗುತ್ತವೆ. ಕೊಯ್ಲಿನ ಹೊತ್ತಿಗೆ ಮಳೆ ಬಂದರೆ ಆ ವರ್ಷದ ವಿಶೇಷ ಕಾಫಿ ಹಣ್ಣಿನ ಸಮೇತ ಒಣಗಿಸಿದ ಸಾಮಾನ್ಯ ‘ಚೆರಿ’ಯಾಗಿ ಮಾರಾಟವಾಗುತ್ತದೆ.

ಬೆಲೆಯ ಏರಿಳಿತವೂ ಬ್ರ್ಯಾಂಡಿನ ಆಸೆಯನ್ನು ಆಳುತ್ತದೆ. ಬ್ರೆಜಿಲ್ ಮತ್ತು ವಿಯೆಟ್ನಾಂಗಳ ಬೆಳೆ ಕುಂದಿದ್ದರಿಂದ 2024–25ರಲ್ಲಿ ಬೀಜದ ದರ ದಾಖಲೆ ಮಟ್ಟ ಮುಟ್ಟಿತು. ಕಣದಲ್ಲೇ ಒಳ್ಳೆಯ ದರ ಸಿಗುವಾಗ ಪೊಟ್ಟಣ ಕಟ್ಟುವ ಉಸಾಬರಿ ಬೇಡವೆನ್ನಿಸುವುದು ಸಹಜ. ದರ ಬಿದ್ದಾಗ ಹೆಸರಿನ ಅಗತ್ಯ ತಿಳಿಯುತ್ತದೆ, ಆದರೆ ಹೆಸರು ಕಟ್ಟಲು ಬೇಕಾದ ಬಂಡವಾಳ ಆಗ ಇರುವುದಿಲ್ಲ. ಆಂಧ್ರಪ್ರದೇಶದ ಅರಕು ಕಣಿವೆಯಲ್ಲಿ ಆದಿವಾಸಿ ಬೆಳೆಗಾರರ ಸಣ್ಣ ಹಿಡುವಳಿಗಳನ್ನು ಒಂದೇ ಗುಣಮಟ್ಟದ ಶಿಸ್ತಿಗೆ ತಂದು ‘ಅರಕು’ ಹೆಸರಿನಲ್ಲಿ 2017ರಲ್ಲಿ ಪ್ಯಾರಿಸ್‌ನಲ್ಲಿ, 2021ರಲ್ಲಿ ಬೆಂಗಳೂರಿನಲ್ಲಿ ಮಳಿಗೆ ತೆರೆದದ್ದನ್ನು ಪರ್ಯಾಯ ದಾರಿಯಾಗಿ ಉದಾಹರಿಸಲಾಗುತ್ತದೆ. ಅಲ್ಲಿ ಬಂಡವಾಳ, ತರಬೇತಿ ಮತ್ತು ಮಾರಾಟದ ಹೊಣೆಯನ್ನು ಒಂದು ಸಂಸ್ಥೆ ದೀರ್ಘಕಾಲ ಹೊತ್ತಿತ್ತು. ಬಾಬಾಬುಡನ್‌ಗಿರಿಯ ಇಳಿಜಾರಿನ ಊರುಗಳಲ್ಲಿ ಮೂಲಕಥೆ, ತಳಿ, ಎತ್ತರ, ಜಿಐ ಎಲ್ಲವೂ ಈಗಾಗಲೇ ಇವೆ. ಹಲವು ಕಣಗಳ ಬೀಜವನ್ನು ಒಂದೇ ಮಟ್ಟಕ್ಕೆ ತಂದು, ರುಚಿ ಪರೀಕ್ಷಿಸಿ, ಸಾಮೂಹಿಕ ಹೆಸರಿನಲ್ಲಿ ಹುರಿದು ಮಾರುವ ಬೆಳೆಗಾರರ ಸ್ವಂತ ಸಂಘಟನೆಯ ಮೇಲೆ ಆ ಹೆಸರಿನ ಮುಂದಿನ ಬೆಲೆ ನಿಂತಿದೆ.